ಅಗಲ ಮೂತಿಯ ಒಳಲೆ

ನಮ್ಮ ಮನೆಯಲ್ಲಿ ಅಗಿಯುವುದು ಮರ್ಯಾದೆಯ ಪ್ರಶ್ನೆ. ಅಜ್ಜನ ಕಾಲಕ್ಕೆ ಬೀದರ್ ಕಡೆಯಿಂದ ಹೈದರಾಬಾದಿಗೆ ಬಂದವರು ನಾವು. ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಮನೆಯಲ್ಲಿ ಕನ್ನಡ ಎಂದು ನಾಲಿಗೆ ಮೂರು ಪಾಲಾಗಿದೆ. ಹಲ್ಲು ಮಾತ್ರ ಇನ್ನೂ ಊರಿನದೇ. ಕಾಚಿಗೂಡದ ನಮ್ಮ ಎರಡನೇ ಮಹಡಿಯ ಮನೆಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿಯೊಂದು ಸದಾ ಇರುತ್ತದೆ, ಅದರ ತುಂಬ ಕಡಕ್ ರೊಟ್ಟಿ. ಅವ್ವ ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿ, ಗರಿಗರಿಯಾಗುವ ತನಕ ಒಣಗಿಸಿ ಪೇರಿಸಿಡುತ್ತಾಳೆ. ನಾವು ಊಟಕ್ಕೆ ಕೂತದ್ದು ಕೆಳಗಿನ ಮನೆಯವರಿಗೆ ಸದ್ದಿನಿಂದಲೇ ತಿಳಿಯುತ್ತದೆ. ಆ ಮನೆಗೆ ಹೊಸದಾಗಿ ಬಂದ ತೆಲುಗು ಅಕ್ಕ ಮೊದಲ ವಾರವೇ ಮೇಲೆ ಬಂದು, ಮನೆಯಲ್ಲಿ ಏನಾದರೂ ರಿಪೇರಿ ಕೆಲಸ ನಡೆದಿದೆಯಾ ಎಂದು ವಿಚಾರಿಸಿ ಹೋಗಿದ್ದಳು.

ಇಂಥ ಮನೆಯಲ್ಲಿ ಹುಟ್ಟಿದ ನನ್ನ ಮಗಳು ಎರಡೂವರೆ ವರ್ಷವಾದರೂ ಅಗಿಯುತ್ತಿರಲಿಲ್ಲ.

ಹಲ್ಲು ಇರಲಿಲ್ಲವೆಂದಲ್ಲ. ಚೆನ್ನಾಗಿಯೇ ಇದ್ದವು, ಅವುಗಳ ಗುರುತು ನನ್ನ ತೋಳಿನ ಮೇಲೂ ಇತ್ತು. ಆದರೆ ಬಾಯಿಗಿಟ್ಟ ತುತ್ತನ್ನು ಅವಳು ಎಡಗೆನ್ನೆಗೆ ಸರಿಸಿ ಅಲ್ಲೇ ಇಟ್ಟುಕೊಂಡು ಬಿಡುತ್ತಿದ್ದಳು. ಬೆಳಿಗ್ಗೆ ಎಂಟಕ್ಕೆ ಕೊಟ್ಟ ಇಡ್ಲಿಯ ಚೂರು ಹತ್ತಕ್ಕೆ ಸ್ನಾನ ಮಾಡಿಸುವಾಗ ಹೊರಗೆ ಬರುತ್ತಿತ್ತು, ಕೊಟ್ಟ ಹಾಗೆಯೇ. ನನ್ನ ಹೆಂಡತಿ ಅದನ್ನು ಅಂಗೈಯಲ್ಲಿ ಹಿಡಿದು ತಂದು ನನಗೆ ತೋರಿಸುವಳು.

"ಗೋಡೌನ್ ಮಾಡ್ಯಾಳ ನೋಡ್ರಿ ನಿಮ್ಮ ಮಗಳು. ವ್ಯಾಪಾರಸ್ಥರ ಕೂಸು ಅಲ್ಲೇನು?"

ವ್ಯಾಪಾರಸ್ಥ ಎಂದರೆ ನಾನು. ಬೇಗಂ ಬಜಾರಿನಲ್ಲಿ ನನ್ನದೊಂದು ಸ್ಟೀಲ್ ಪಾತ್ರೆಗಳ ಅಂಗಡಿ ಇದೆ, ಒಬ್ಬ ಪಾಲುದಾರನ ಜೊತೆ ನಡೆಸುತ್ತೇನೆ. ಬೋಗುಣಿ, ಡಬ್ಬಿ, ಪರಾತ, ಲೋಟ, ಬಾಣಂತಿ ಮನೆಗೆ ಬೇಕಾದ ಸಣ್ಣ ಪುಟ್ಟ ಸಾಮಾನು ಎಲ್ಲ ಇದೆ. ನನ್ನ ಸ್ವಭಾವದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಏನೇ ಕೆಟ್ಟರೂ ಅದು ಯಾರಿಂದ ಕೆಟ್ಟಿತು ಎಂದು ಹುಡುಕುವುದರಲ್ಲಿ ನಾನು ಮುಂದು. ನಲ್ಲಿ ಸೋರಿದರೂ ಮೊದಲು ಆರೋಪಿ ಬೇಕು, ಆಮೇಲೆ ಪ್ಲಂಬರ್.

ಮಗಳು ಅಗಿಯದ ವಿಷಯದಲ್ಲಿ ಆರೋಪಿಗಳಿಗೆ ಬರವಿರಲಿಲ್ಲ. ಅವ್ವ ದೃಷ್ಟಿ ತಾಗಿದೆ ಎಂದಳು. ಹೆಂಡತಿ, ಅವ್ವ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಕಿವುಚಿ ಕೊಟ್ಟು ಅಭ್ಯಾಸ ಕೆಡಿಸಿದಳು ಎಂದಳು, ಅವ್ವನ ಎದುರಿಗಲ್ಲ, ನನ್ನ ಎದುರಿಗೆ. ನಾನು ಇಬ್ಬರನ್ನೂ ಎದುರಿಗೇ ಕೂರಿಸಿಕೊಂಡು ಭಾಷಣ ಮಾಡಿದೆ. ಮನೆಯಲ್ಲಿ ಎರಡು ಹೆಣ್ಣು ಜೀವಗಳಿದ್ದು ಒಂದು ಕೂಸಿಗೆ ಅಗಿಯಲು ಕಲಿಸಲಿಕ್ಕೆ ಆಗುವುದಿಲ್ಲವೇ, ನಮ್ಮ ಅಜ್ಜ ಎಂಬತ್ತರ ವಯಸ್ಸಿನಲ್ಲಿ ಕಬ್ಬು ಸಿಗಿದು ತಿನ್ನುತ್ತಿದ್ದರು, ಹೀಗೆ ಏನೇನೋ. ಇಬ್ಬರೂ ಕೇಳಿಸಿಕೊಂಡರು. ಆ ಭಾಷಣ ನೆನಪಾದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ, ಯಾಕೆಂದು ಮುಂದೆ ಹೇಳುತ್ತೇನೆ.

ಇದನ್ನು ಮಕ್ಕಳಾಟಿಕೆ ಎಂದು ಬಿಟ್ಟುಬಿಡುವ ಹಾಗಿರಲಿಲ್ಲ. ನನ್ನ ಹೆಂಡತಿ ಗಣಿತದ ಟೀಚರ್. ಮಗಳು ಹೊಟ್ಟೆಯಲ್ಲಿದ್ದಾಗ ಕೆಲಸ ಬಿಟ್ಟಿದ್ದಳು. ಈಗ ತಾರ್ನಾಕದ ಒಂದು ಶಾಲೆಯಲ್ಲಿ ಜೂನ್ ತಿಂಗಳಿಂದ ಬನ್ನಿ ಎಂದಿದ್ದರು. ಅದೇ ಆವರಣದಲ್ಲಿ ಪುಟ್ಟ ಮಕ್ಕಳ ತರಗತಿಯೂ ಇತ್ತು, ಮಗಳನ್ನೂ ಜೊತೆಗೇ ಕರೆದುಕೊಂಡು ಹೋಗಬಹುದು. ಇದಕ್ಕಿಂತ ಒಳ್ಳೆಯ ಏರ್ಪಾಡು ಈ ಊರಲ್ಲಿ ಸಿಗುವುದಿಲ್ಲ. ಆದರೆ ಅಲ್ಲಿನ ದೊಡ್ಡ ಟೀಚರ್ ಒಂದು ಮಾತು ಖಡಾಖಂಡಿತವಾಗಿ ಹೇಳಿದ್ದರು: ಮಗು ತನ್ನ ಡಬ್ಬಿಯನ್ನು ತಾನೇ ಕೂತು ತಿನ್ನಬೇಕು, ಒಂದೊಂದು ಮಗುವಿನ ಹಿಂದೆ ಒಂದೂವರೆ ತಾಸು ಚಮಚ ಹಿಡಿದು ನಿಲ್ಲಲು ಅಲ್ಲಿ ಯಾರೂ ಇಲ್ಲ. ಮನೆಯಲ್ಲಿ ಬಿಟ್ಟು ಹೋಗೋಣವೆಂದರೆ ಅವ್ವನ ಮೊಣಕಾಲು ಎರಡೂವರೆ ವರ್ಷದ ಕೂಸಿನ ಹಿಂದೆ ಓಡುವ ಸ್ಥಿತಿಯಲ್ಲಿರಲಿಲ್ಲ.

ಹೆಂಡತಿ ಆಗಲೇ ಟ್ರಂಕಿನಿಂದ ಹಳೆಯ ಕಾಟನ್ ಸೀರೆಗಳನ್ನು ತೆಗೆದು ಗಂಜಿ ಹಾಕಿಟ್ಟಿದ್ದಳು. ಯುಗಾದಿ ಕಳೆದಿತ್ತು, ಎರಡು ತಿಂಗಳು ಉಳಿದಿತ್ತು.

"ಒಮ್ಮೆ ಬಿಟ್ಟೀನಿ, ಬಿಟ್ಟೆ. ಎರಡನೇ ಸಲ ಬರೂದಿಲ್ಲ ಅಂತ ಹೇಳಾಕ ನನ್ನ ಕೈಲೆ ಆಗೂದಿಲ್ರಿ," ಎಂದಳು ಒಂದು ದಿನ. ಅಳಲಿಲ್ಲ, ಸೀರೆ ಮಡಚುತ್ತಲೇ ಹೇಳಿದಳು. ನನಗೆ ಅದು ಅಳುವುದಕ್ಕಿಂತ ಕಷ್ಟವಾಯಿತು.

ಈಗ ಒಳಲೆಯ ವಿಷಯಕ್ಕೆ ಬರುತ್ತೇನೆ. ಎಳೆ ಕೂಸುಗಳಿಗೆ ಹಾಲು, ಔಷಧಿ ಕುಡಿಸಲು ಒಂದು ಕಡೆ ಮೂತಿ ಚಾಚಿದ ಪುಟ್ಟ ಬಟ್ಟಲು ಇರುತ್ತದಲ್ಲ, ಅದು. ನಮ್ಮ ಅಂಗಡಿಯಲ್ಲಿ ಅವು ಡಜನುಗಟ್ಟಲೆ ಇವೆ. ಮಗಳಿಗೆ ಒಂದು ವರ್ಷ ತುಂಬಿದ ದಿನ ಹೆಂಡತಿ ಮನೆಯ ಒಳಲೆಯನ್ನು ತೊಳೆದು ಒರೆಸಿ ಅಟ್ಟಕ್ಕೆ ಹಾಕಿ, "ಇನ್ನ ಇದರ ಋಣ ಮುಗೀತು, ಕುಂದರ್ಸಿ ಉಣಸೂದು," ಎಂದು ಘೋಷಿಸಿದಳು. ಅವ್ವನೂ ಹೂಂ ಎಂದಳು. ನಾನೂ ಹೂಂ ಎಂದೆ.

ಆದರೆ ಸಂಜೆಯ ಊಟ ನನ್ನ ಪಾಲಿಗಿತ್ತು. ಆರಕ್ಕೆಲ್ಲ ಅಂಗಡಿಯನ್ನು ಪಾಲುದಾರನಿಗೆ ಬಿಟ್ಟು ಮನೆಗೆ ಬರುತ್ತಿದ್ದೆ. ಆ ಹೊತ್ತಿಗೆ ಹೆಂಡತಿ ಪಕ್ಕದ ಕಟ್ಟಡದ ಮಕ್ಕಳಿಗೆ ಟ್ಯೂಷನ್ ಹೇಳಲು ಹೋಗುವಳು, ಅವ್ವ ಭಜನೆಗೆ. ಒಂದು ತಾಸು ಮನೆಯಲ್ಲಿ ನಾನು, ಮಗಳು, ಒಂದು ಬಟ್ಟಲು ಅನ್ನ ತೊವ್ವೆ. ಕೂರಿಸಿ ತಿನ್ನಿಸಿ ನೋಡಿದೆ. ಅವಳು ಗೋಡೌನ್ ತುಂಬಿಕೊಂಡು ಎದ್ದು ಓಡುವಳು. ನಾನು ಹಿಂದೆ ಓಡಿ, ಕುರ್ಚಿಗೆ ಎಡವಿ, ರೇಗಿ, ಅವಳು ಅತ್ತು, ನಾನು ಸಮಾಧಾನ ಮಾಡಿ, ಅಷ್ಟರಲ್ಲಿ ತೊವ್ವೆ ಆರಿ ಕೆನೆ ಕಟ್ಟಿರುತ್ತಿತ್ತು. ಮೂರು ದಿನ ಹೀಗಾಯಿತು. ನಾಲ್ಕನೆಯ ದಿನ ಅಂಗಡಿಯಿಂದ ಬರುವಾಗ ಚೀಲದಲ್ಲಿ ಒಂದು ಒಳಲೆ ಇತ್ತು.

ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತೆ. ಮಗಳನ್ನು ಅಡ್ಡಲಾಗಿ ಮಲಗಿಸಿಕೊಂಡೆ, ತಲೆ ನನ್ನ ಎಡತೊಡೆಯ ಮೇಲೆ. ಅನ್ನ ತೊವ್ವೆಯನ್ನು ತುಪ್ಪ ಹಾಕಿ ನುಣ್ಣಗೆ ಕಿವುಚಿ, ಸ್ವಲ್ಪ ನೀರು ಬೆರೆಸಿ, ಒಳಲೆಯಿಂದ ಕೆನ್ನೆಯೊಳಕ್ಕೆ ಬಿಟ್ಟೆ. ಗುಳುಕ್. ಮತ್ತೊಂದು. ಗುಳುಕ್. ಹತ್ತು ನಿಮಿಷದಲ್ಲಿ ಬಟ್ಟಲು ಖಾಲಿ. ಅಳು ಇಲ್ಲ, ಓಟ ಇಲ್ಲ.

ಒಂದೇ ತೊಂದರೆ, ಅನ್ನದ ಅಗುಳು ಒಳಲೆಯ ಸಣ್ಣ ಮೂತಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಬೇರೆ ತಂದೆಯಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದನೇನೋ. ನಾನು ಪಾತ್ರೆ ವ್ಯಾಪಾರಿ. ನಮಗೆ ಮಾಲು ಮಾಡಿಕೊಡುವ ಕಾರಿಗರನ ಹತ್ತಿರ ಹೋಗಿ, ಅಗುಳು ಸಲೀಸಾಗಿ ಜಾರುವಷ್ಟು ಅಗಲ ಮೂತಿಯ ಒಳಲೆಯೊಂದನ್ನು ಹೇಳಿ ಮಾಡಿಸಿದೆ. ಅವನು ಎರಡು ಸಲ, ಇದು ಕೂಸಿಗೋ ಕರುವಿಗೋ ಎಂದು ಕೇಳಿದ. ಅಂಚು ನಯವಾಗಿ ತೀಡಿ ಕೊಟ್ಟ. ಅದನ್ನು ನೋಡಿ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅಂಗಡಿಯಲ್ಲಿ ಮಾರಾಟಕ್ಕೂ ಇಡೋಣವೆಂದು ಯೋಚಿಸಿದ್ದೆ.

ಹೀಗೆ ಒಂದು ವರ್ಷಕ್ಕಿಂತ ಹೆಚ್ಚು ನಡೆಯಿತು. ಊಟ ಮುಗಿದ ಮೇಲೆ ಒಳಲೆಯನ್ನು ತೊಳೆದು ಅಂಗಡಿ ಚೀಲದ ತಳಕ್ಕೆ ಸೇರಿಸುವೆ. ಅವ್ವ ಭಜನೆಯಿಂದ ಬಂದು ಚಪ್ಪಲಿ ಬಿಡುತ್ತಲೇ ಕೇಳುವಳು.

"ಕೂಸು ಉಂಡಿತೇನಪಾ?"

"ಉಂಡ್ಳವ್ವ."

"ಕುಂತು ಉಂಡ್ಳೇನು?"

"ಕುಂತs ಉಂಡ್ಳು, ಮತ್ತ!"

ಅವ್ವ ಖುಷಿಯಾಗಿ, ನನ್ನ ಮಗನ ಕೈಗುಣವೇ ಬೇರೆ ಎಂದು ಹೆಂಡತಿಗೂ ಹೇಳುವಳು. ಹೆಂಡತಿ ಬೆರಗಾಗುವಳು. ನಮ್ಮ ಕೈಯಲ್ಲಿ ಒಲ್ಲೆ ಎನ್ನುವ ಕೂಸು ನಿಮ್ಮ ಹತ್ತಿರ ಹೇಗೆ ತಿನ್ನುತ್ತದೆ ಎಂದು ಕೇಳಿದರೆ, ತಾಳ್ಮೆ ಬೇಕು ಎಂದು ಉಪದೇಶ ಕೊಟ್ಟದ್ದೂ ಉಂಟು.

ಏಪ್ರಿಲ್ ತಿಂಗಳಲ್ಲಿ ಯಾರೋ ತಾರ್ನಾಕದ ಒಬ್ಬ ಮೇಡಂ ಬಗ್ಗೆ ಹೇಳಿದರು. ಪುಟ್ಟ ಮಕ್ಕಳಿಗೆ ಮಾತು ಮತ್ತು ಊಟ ಕಲಿಸುವವರಂತೆ. ಅಗಿಯುವುದಕ್ಕೂ ಡಾಕ್ಟರು ಬಂದರಾ ಎಂದು ಗೇಲಿ ಮಾಡಿದೆ, ಆದರೂ ನಾನು, ಹೆಂಡತಿ, ಅವ್ವ, ಮಗಳು ಆಟೋ ಹಿಡಿದು ಹೋದೆವು. ಯೂನಿವರ್ಸಿಟಿಯ ಗೋಡೆಗೆ ಹತ್ತಿದ ಓಣಿಯಲ್ಲಿ ಬೇವಿನ ಮರದ ಕೆಳಗಿನ ಮನೆ. ಮೇಡಂ ಐವತ್ತು ದಾಟಿದವರು, ತೆಲುಗಿಗೆ ಹಿಂದಿ ಬೆರೆಸಿ ಮಾತಾಡುತ್ತಿದ್ದರು. ಮಗಳನ್ನು ನೋಡುವ ಮೊದಲು ನಮ್ಮ ಮೂವರನ್ನು ಕೂರಿಸಿ, ಕಿವಿಯ ಕೆಳಗೆ ದವಡೆಯ ಮೂಲೆಯಲ್ಲಿ ಬೆರಳಿಟ್ಟು ಹಲ್ಲು ಕಚ್ಚಿ ಎಂದರು. ಕಚ್ಚಿದೆವು. ಬೆರಳ ಕೆಳಗೆ ಒಂದು ಗಂಟು ಉಬ್ಬಿ ಬಂತು. ಬಿಟ್ಟರೆ ಇಳಿಯಿತು. ಅಗಿಯುವ ಸ್ನಾಯು ಅದೇ ಎಂದರು. ನಲವತ್ತು ವರ್ಷ ಅದನ್ನು ದುಡಿಸಿಕೊಂಡಿದ್ದೆ, ಮುಟ್ಟಿ ನೋಡಿದ್ದು ಅವತ್ತೇ ಮೊದಲು.

ಅವರ ಹತ್ತಿರ ಒಂದು ಯಂತ್ರವಿತ್ತು. ಕೆನ್ನೆಗೆ ಬಿಂದಿಯಂಥ ಎರಡು ಅಂಟುಪಟ್ಟಿ ಅಂಟಿಸಿದರೆ ಆ ಸ್ನಾಯು ಎಷ್ಟು ಕೆಲಸ ಮಾಡುತ್ತಿದೆ ಎನ್ನುವುದು ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಮಗಳು ಅಂಟಿಸಿಕೊಳ್ಳಲು ಒಪ್ಪಲಿಲ್ಲ. ಆಗ ಮೊದಲು ನನಗೆ ಅಂಟಿಸಿ ಒಂದು ಬಿಸ್ಕತ್ತು ಕೊಟ್ಟರು. ನಾನು ಕಚ್ಚಿದ ಕೂಡಲೇ ಗೆರೆ ಪರದೆಯ ತುದಿಗೆ ಹಾರಿತು. "ರೊಟ್ಟಿ ತಿಂದ ದವಡಿ ಮೇಡಂ," ಎಂದೆ. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಮಗಳಿಗೂ ಆಟ ಎನ್ನಿಸಿ ಕೆನ್ನೆ ಒಡ್ಡಿದಳು.

ಎತ್ತರದ ಕುರ್ಚಿಯಲ್ಲಿ ಕೂರಿಸಿ ಮೆತ್ತಗಿನ ಪರಾಠದ ಚೂರು ಕೊಟ್ಟರು. ಮಗಳ ಕಾಲು ಗಾಳಿಯಲ್ಲಿ ತೂಗಾಡುತ್ತಿತ್ತು, ಚೂರು ಎಡಗೆನ್ನೆಗೆ ಹೋಯಿತು, ಗೆರೆ ಸುಮ್ಮನೆ ಅಲ್ಲಾಡಿತು. ಮೇಡಂ ಕಾಲ ಕೆಳಗೆ ಒಂದು ಮರದ ತುಂಡು ಇಟ್ಟರು. ಪಾದ ಊರಿದ ಮೇಲೆ ಗೆರೆ ಸ್ವಲ್ಪ ಎದ್ದಿತು, ಒಂದೆರಡು ಸಲವಷ್ಟೇ. ಕಾಲಿಗೆ ನೆಲ ಸಿಗದಿದ್ದರೆ ಮಗು ಬೀಳದ ಹಾಗೆ ಮೈಯನ್ನು ಬಿಗಿಹಿಡಿಯುವುದರಲ್ಲೇ ಇರುತ್ತದೆ, ಕತ್ತು ದವಡೆಯೂ ಆ ಚಾಕರಿಗೇ ಹೋಗುತ್ತವೆ, ಅಗಿಯಲು ಯಾರು ಉಳಿದರು, ಎಂದು ವಿವರಿಸಿದರು. ನನಗೆ ಒಪ್ಪಿಗೆಯಾಯಿತು. ನಾನೂ ಅಂಗಡಿಯ ಎತ್ತರದ ಸ್ಟೂಲಿನ ಮೇಲೆ ಕೂತು ಡಬ್ಬಿ ತಿನ್ನಲಾರೆ.

ಆಮೇಲೆ ಅವರು ಕುರ್ಚಿಯ ಬೆನ್ನನ್ನು ನಿಧಾನವಾಗಿ ಹಿಂದಕ್ಕೆ ಬಗ್ಗಿಸಿದರು.

ಮಗಳು ಮೈ ಸಡಿಲ ಬಿಟ್ಟಳು. ತಲೆಯನ್ನು ಎಡಕ್ಕೆ ಒಂದಿಷ್ಟೇ ವಾಲಿಸಿ, ಕಣ್ಣು ಮೇಲೆ ಮಾಡಿ, ಬಾಯಿ ತೆರೆದು ಕಾದಳು. ಯಾರೂ ಬಾಯಿ ತೆರೆ ಎಂದಿರಲಿಲ್ಲ. ಮೇಡಂ ಒಂದೇ ಒಂದು ಚಮಚ ಗಟ್ಟಿ ಮೊಸರು ಇಟ್ಟರು. ಗುಳುಕ್. ಗೆರೆ ಏಳಲೇ ಇಲ್ಲ, ಗಂಟಲು ಮಾತ್ರ ಕುಣಿಯಿತು. ಮೇಡಂ ಕುರ್ಚಿಯನ್ನು ನೆಟ್ಟಗೆ ಮಾಡಿ ನಮ್ಮ ಕಡೆ ತಿರುಗಿದರು.

"ಪಾಪಕಿ ಪಡುಕೋಬೆಟ್ಟಿ ಎವರು ತಿನಿಪಿಸ್ತಾರು?"

ಮಗುವನ್ನು ಮಲಗಿಸಿ ತಿನ್ನಿಸುವವರು ಯಾರು. ಈ ಭಂಗಿ ಇವಳಿಗೆ ಹೊಸದಲ್ಲ, ದಿನವೂ ನಡೆದಿರುವುದು, ಮಲಗಿಸಿ ಸುರಿದರೆ ಬಾಯಿಗೆ ನುಂಗುವ ಕೆಲಸ ಬಿಟ್ಟು ಬೇರೆ ಕೆಲಸವೇ ಇಲ್ಲ, ಇಷ್ಟು ದಿನ ಅದು ಶ್ವಾಸನಾಳಕ್ಕೆ ಹೋಗದೆ ಇದ್ದದ್ದು ನಿಮ್ಮ ಪುಣ್ಯ ಎಂದರು.

ಹೆಂಡತಿ ಅವ್ವನ ಕಡೆ ನೋಡಿದಳು. ಅವ್ವ ತನ್ನ ಹಿಂದಿಯಲ್ಲಿ, "ಮೈ ನಹೀ ಮೇಡಂ. ಬಿಠಾಕೇಚ್ ಖಿಲಾತೀ ಮೈ," ಎಂದಳು. ಕೂರಿಸಿಯೇ ತಿನ್ನಿಸುತ್ತೇನೆ ಎಂದು. ಆಮೇಲೆ ಸೊಸೆಯ ಕಡೆ ತಿರುಗಿ ಕನ್ನಡದಲ್ಲಿ, "ದೇವರಾಣಿ ನಾ ಅಲ್ಲವಾ," ಎಂದಳು.

ನಾನು ಹೇಳಬೇಕಾಗಿದ್ದ ಜಾಗ ಅದು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಹಲ್ಲಿನ ಸೆಟ್ ಇತ್ತು. ನಾನು ಅದರ ಹಲ್ಲು ಎಣಿಸುತ್ತ ಕೂತೆ.

ಯಾಕೆ ಹೇಳಲಿಲ್ಲ? ಹೆದರಿಕೆ. ಭಾಷಣ ಮಾಡಿದ್ದೆನಲ್ಲ, ತಾಳ್ಮೆಯ ಉಪದೇಶ ಕೊಟ್ಟಿದ್ದೆನಲ್ಲ. ಹೆಂಡತಿಯ ಕೆಲಸಕ್ಕೆ ಕಲ್ಲು ಹಾಕಿದವನು ನಾನೇ ಎಂದು ಅವಳ ಎದುರು ಹೇಳುವ ಧೈರ್ಯ ಇರಲಿಲ್ಲ. ಮನೆಗೆ ಹೋಗಿ ನಿಧಾನಕ್ಕೆ ಹೇಳಿದರಾಯಿತು ಎಂದುಕೊಂಡೆ. ಹೇಳಲಿಲ್ಲ.

ಮನೆಗೆ ಬಂದ ಮೇಲೆ ಅವ್ವ ಮಗುವಿಗೆ ಉಣಿಸುವುದನ್ನು ಬಿಟ್ಟಳು. ಜಗಳವಾಡಲಿಲ್ಲ. "ನನ್ನ ಕೈ ಬ್ಯಾಡ ಬಿಡ್ರಿ," ಎಂದು ಒಮ್ಮೆ ಹೇಳಿ, ಊಟದ ಹೊತ್ತಿಗೆ ಒಳಕೋಣೆಗೆ ಹೋಗಿ ಕೂರತೊಡಗಿದಳು. ಮಗಳು, "ಆಯೀ," ಎಂದು ಅಜ್ಜಿಯ ಬಾಗಿಲು ಬಡಿಯುವಳು. ಒಳಗಿಂದ, "ಉಂಡು ಬಾ ಕಂದಾ," ಎಂದು ದನಿ ಬರುತ್ತಿತ್ತು. ನಾನು ಒಳಲೆಯನ್ನು ಚೀಲದ ತಳದಲ್ಲೇ ಬಿಟ್ಟೆ, ಮತ್ತೆ ಮುಟ್ಟಲಿಲ್ಲ. ಮುಟ್ಟದಿದ್ದರೆ ಪಾಪ ತೀರಿತು ಎಂದು ನನ್ನ ಲೆಕ್ಕ. ಆದರೆ ಮಗಳಿಗೆ ನಾನು ಏನೂ ಹೇಳಿರಲಿಲ್ಲವಲ್ಲ. ಸಂಜೆ ಆರಾದರೆ ಅವಳು ನನ್ನ ಕಾಲ ಹತ್ತಿರ ಬಂದು ನಿಲ್ಲುವಳು. ನಾನು ಕಾಲು ಮಡಚಿಕೊಂಡು ಬೇರೆ ಕಡೆ ನೋಡುವೆ.

ಹೆಂಡತಿ ಮೂರು ಹೊತ್ತೂ ಕುರ್ಚಿಯಲ್ಲಿ ಕೂರಿಸಿ, ಕಾಲ ಕೆಳಗೆ ಹಳೆಯ ಪುಸ್ತಕಗಳನ್ನು ಪೇರಿಸಿ, ಮೆತ್ತಗಿನ ಚೂರು ಕೊಟ್ಟು ಪ್ರಯತ್ನಿಸಿದಳು. ಪುಸ್ತಕಗಳು ಜಾರುತ್ತಿದ್ದವು. ಮಗಳು ಉಗಿಯುತ್ತಿದ್ದಳು. ಹೊಟ್ಟೆಗೆ ಸಾಲದೆ ಕೂಸು ಸೊರಗಿತು. ಮೂರು ವಾರ ಕಳೆದ ಮೇಲೆ ಹೆಂಡತಿಯ ಫೋನಿನಲ್ಲಿ, ಶಾಲೆಗೆ ಕಳಿಸಲೆಂದು ಬರೆದು ಇನ್ನೂ ಕಳಿಸದ ಒಂದು ಮೆಸೇಜು ಕಂಡೆ. ಕ್ಷಮಿಸಿ, ಈ ವರ್ಷವೂ ಆಗುವುದಿಲ್ಲ, ಎಂದಿತ್ತು.

ಅದನ್ನು ನೋಡಿದ ದಿನ ಶನಿವಾರ. ನಾಳೆ ಹೇಳುತ್ತೇನೆ ಎಂದು ನಿಶ್ಚಯ ಮಾಡಿದೆ. ಅದರ ಅಗತ್ಯ ಬೀಳಲಿಲ್ಲ.

ಭಾನುವಾರ ಬೆಳಿಗ್ಗೆ ಹೇಗೆ ಶುರು ಮಾಡಲಿ ಎಂದು ಯೋಚಿಸುತ್ತ ಪೇಪರ್ ಹಿಡಿದು ಕೂತಿದ್ದೆ. ಗೋಡೆಗೆ ಬೆನ್ನು, ಅಭ್ಯಾಸಬಲದಿಂದ ಕಾಲು ಚಾಚಿ. ಹೆಂಡತಿ ಎದುರಿಗೆ ಬಟ್ಟೆ ಮಡಚುತ್ತಿದ್ದಳು. ಅವ್ವ ಪಡಸಾಲೆಯ ಮೂಲೆಯಲ್ಲಿ ಮೊರದ ತುಂಬ ಜೋಳ ಹಾಕಿಕೊಂಡು ಹಸನು ಮಾಡುತ್ತಿದ್ದಳು. ಮಗಳು ಬಂದಳು. ಪೇಪರನ್ನು ಕೈಯಿಂದ ಸರಿಸಿದಳು. ನನ್ನ ತೊಡೆಗೆ ಅಡ್ಡಲಾಗಿ ಮಲಗಿ, ತಲೆಯನ್ನು ಎಡಕ್ಕೆ ವಾಲಿಸಿ, ಬಾಯಿ ತೆರೆದಳು.

ನಾನು ಪೇಪರನ್ನು ಅವಳ ಮೇಲೆ ಹೊದಿಸಿದೆ. ಬೇರೇನೂ ಹೊಳೆಯಲಿಲ್ಲ.

ಪೇಪರಿನ ಕೆಳಗಿಂದ ಎದ್ದಳು. ನನ್ನ ಕಡೆ ಸಿಟ್ಟಿನಿಂದ ನೋಡಿದಳು. ನೇರ ಬಾಗಿಲ ಹತ್ತಿರ ಹೋಗಿ, ಅಂಗಡಿ ಚೀಲಕ್ಕೆ ಭುಜದ ತನಕ ಕೈ ಹಾಕಿ, ಅಗಲ ಮೂತಿಯ ಒಳಲೆಯನ್ನು ಎಳೆದು ತೆಗೆದಳು. ತಂದು ನನ್ನ ಅಂಗೈಯಲ್ಲಿಟ್ಟಳು. ಮತ್ತೆ ಮಲಗಿದಳು. ಮತ್ತೆ ಬಾಯಿ ತೆರೆದಳು.

ಜೋಳ ಹಸನು ಮಾಡುವ ಸದ್ದು ನಿಂತಿತು.

"ಏನ್ರಿ ಇದು?" ಹೆಂಡತಿ ಕೇಳಿದಳು.

"ಒಳಲಿ."

"ಒಳಲಿ ಅಂತ ಕಾಣಾಕತ್ತೈತಿ. ಇಷ್ಟ್ ಅಗಲ ಮೂತೀದು ಎಲ್ಲಿ ಸಿಗ್ತೈತಿ?"

"ಎಲ್ಲೂ ಸಿಗೂದಿಲ್ಲ. ನಾನs ಮಾಡಿಸೀನಿ."

ಆಮೇಲೆ ಎಲ್ಲ ಹೇಳಿದೆ. ಭಜನೆ, ಟ್ಯೂಷನ್, ಹತ್ತು ನಿಮಿಷ, ಕಾರಿಗರ ಕೇಳಿದ ಕರುವಿನ ಮಾತು, ಎಲ್ಲ. ಮಗಳು ಅಷ್ಟೂ ಹೊತ್ತು ಬಾಯಿ ತೆರೆದುಕೊಂಡೇ ಕಾಯುತ್ತಿದ್ದಳು. ಹೆಂಡತಿಯ ಮುಖ ಕೆಂಪಾಯಿತು. ಅವಳು ಬೈಯಲು ಬಾಯಿ ತೆಗೆಯುವ ಮೊದಲೇ ಅವ್ವ ಮಾತಾಡಿದಳು, ಜೋಳದಿಂದ ಕಣ್ಣೆತ್ತದೆ.

"ತಮ್ಮಾ, ಅಲ್ಲಿ ಆ ಮೇಡಂ ಕೇಳಿದಾಗ ನಿನ್ನ ಬಾಯಾಗ ಏನಿತ್ತೋ? ನೀನೂ ಗೋಡೌನ್ ಮಾಡಿದ್ದೇನು?"

ಅವಳು ಕೂಗಾಡಿದ್ದರೆ ಸಹಿಸುತ್ತಿದ್ದೆ. ಹೆಂಡತಿ ಎದ್ದು ಹೋಗಿ ಅವ್ವನ ಪಕ್ಕ ಕೂತಳು. "ಅತ್ತಿ, ನಂದು ತಪ್ಪಾತ್ರಿ," ಎಂದಳು. "ನಿಂದೇನು ತಪ್ಪು? ಇಂವ ನಾ ಹಡೆದಂವ," ಎಂದಳು ಅವ್ವ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಆ ನೋಟವನ್ನು ನಾನು ಬಣ್ಣಿಸುವುದಿಲ್ಲ. ನಾನೂ ತಪ್ಪಾಯಿತೆಂದೆ, ಮೊದಲು ಅವ್ವನಿಗೆ, ಆಮೇಲೆ ಹೆಂಡತಿಗೆ. ಶಿಕ್ಷೆಯನ್ನೂ ಅಲ್ಲೇ ವಿಧಿಸಿದರು: ಇನ್ನು ಶಾಲೆ ಶುರುವಾಗುವ ತನಕ ಮೂರು ಹೊತ್ತಿನ ಊಟವೂ ನನ್ನದೇ, ಕುರ್ಚಿಯಲ್ಲಿ, ಇಬ್ಬರ ಕಣ್ಣೆದುರಿಗೆ. ಶಾಲೆಗೆ ಬರೆದಿಟ್ಟ ಮೆಸೇಜನ್ನು ಹೆಂಡತಿ ಅಳಿಸಲಿಲ್ಲ. "ಇರಲಿ, ನೋಡೂಣು," ಎಂದಳು.

ಮೊದಲು ಕಾಲಿನ ಕೆಳಗಿನ ವ್ಯವಸ್ಥೆ. ಪುಸ್ತಕ ಜಾರುತ್ತದೆ, ಮರದ ತುಂಡು ಮಾಡಿಸಲು ಬಡಗಿ ಮುಂದಿನ ವಾರ ಎನ್ನುತ್ತಾನೆ. ಟೇಪು ಹಿಡಿದು ಕುರ್ಚಿಯಲ್ಲಿ ಕೂತ ಮಗಳ ಅಂಗಾಲಿನಿಂದ ನೆಲದ ತನಕ ಅಳೆದೆ. ಅಂಗಡಿಗೆ ಹೋಗಿ ಬೋಗುಣಿಗಳ ಸಾಲಿನ ಮುಂದೆ ಟೇಪು ಹಿಡಿದು ನಿಂತೆ. ಬೋಗುಣಿಗಳು ನಂಬರಿನ ಲೆಕ್ಕದಲ್ಲಿ ಬರುತ್ತವೆ. ಹದಿನೆಂಟನೇ ನಂಬರಿನದು ಬೋರಲು ಹಾಕಿದರೆ ಕೂದಲೆಳೆ ವ್ಯತ್ಯಾಸವಿಲ್ಲದೆ ಸರಿಹೋಗುತ್ತಿತ್ತು. ಬಾಯಂಚಿಗೆ ಹಳೆಯ ಕುಕ್ಕರಿನ ರಬ್ಬರ್ ರಿಂಗು ತೊಡಿಸಿದೆ, ಜಾರದ ಹಾಗೆ. ಪಾತ್ರೆ ವ್ಯಾಪಾರದಿಂದ ಕೆಟ್ಟದ್ದನ್ನು ಪಾತ್ರೆ ವ್ಯಾಪಾರದಿಂದಲೇ ಸರಿಮಾಡಬೇಕೆಂಬ ಹಟ ನನ್ನದು. ಮಗಳು ಬೋರಲು ಬೋಗುಣಿಯ ಮೇಲೆ ಎರಡೂ ಪಾದ ಊರಿ ಢಣ್ ಢಣ್ ಎಂದು ಕುಟ್ಟಿದಳು. ಮೊದಲ ದಿನ ಊಟಕ್ಕಿಂತ ಕುಟ್ಟಿದ್ದೇ ಜಾಸ್ತಿ.

ಆಮೇಲೆ ಶುರುವಾಯಿತು ನನ್ನ ತಾಳ್ಮೆಯ ನಿಜವಾದ ಪರೀಕ್ಷೆ. ಮತ್ತೆ ಮೇಡಂ ಹತ್ತಿರ ಹೋಗಿ ತಪ್ಪೊಪ್ಪಿಕೊಂಡು ವಿದ್ಯೆ ಕಲಿತು ಬಂದೆ. ತುತ್ತನ್ನು ನಾಲಿಗೆಯ ನಡುವೆ ಇಡಬಾರದು, ಪಕ್ಕದ ಹಲ್ಲಿನ ಮೇಲೆ ಇಡಬೇಕು. ಮೊದಲು ಬಾಯಲ್ಲೇ ಕರಗುವಂಥದ್ದು, ಆಮೇಲೆ ಮೆತ್ತಗಿನದು, ಗಟ್ಟಿಯದು ಕಡೆಗೆ. ಪಕ್ಕದಲ್ಲಿ ದೊಡ್ಡವರೊಬ್ಬರು ಇರಲೇಬೇಕು. ಅವಸರ ಕೂಡದು. ಎದುರಿಗೆ ಕೂತು ನಾನೂ ಅಗಿದು ತೋರಿಸಬೇಕು. ನಾನು ಬಾಯಿ ತೆರೆದು, ಕಣ್ಣರಳಿಸಿ, ಕತ್ತು ಕುಣಿಸಿ ಅಗಿದೆ. ಮೂರು ಹೊತ್ತು ನನ್ನ ಊಟ ಮತ್ತು ಅವಳೆದುರು ನಾಟಕದ ಊಟ ಸೇರಿ ದವಡೆ ನೋಯತೊಡಗಿತು. ಅಂಗಡಿಗೆ ಬಂದ ಗಿರಾಕಿಗಳು, ಸೇಠ್, ಹಲ್ಲು ನೋವಾ ಎಂದು ಕೇಳಿದರು. ಮಗಳು ಮಾತ್ರ ನನ್ನನ್ನು ಆಸಕ್ತಿಯಿಂದ ನೋಡುವಳು, ಕೈ ತಟ್ಟುವಳು, ತುತ್ತನ್ನು ಉಗಿಯುವಳು. ಎರಡು ಸಲ ಬಟ್ಟಲನ್ನು ಎತ್ತಿ ಒಗೆಯಬೇಕೆನ್ನಿಸಿತು. ಅವ್ವ ಮೂಲೆಯಿಂದ, "ತಾಳ್ಮಿ ಬೇಕಪಾ, ತಾಳ್ಮಿ," ಎಂದಳು. ನನ್ನದೇ ಮಾತು.

ಮೇ ಮುಗಿಯುತ್ತ ಬಂದರೂ ಲಕ್ಷಣ ಇಷ್ಟೇ. ಬಾಳೆಹಣ್ಣನ್ನು ಎರಡು ಸಲ ಒತ್ತುವಳು, ಬೇಯಿಸಿದ ಗಜ್ಜರಿಯನ್ನು ಒಮ್ಮೆ ಅಗಿದಂತೆ ಮಾಡುವಳು. ಗಂಜಿ ಹಾಕಿದ ಸೀರೆಗಳು ಕಪಾಟಿನಲ್ಲಿ ಹಾಗೇ ಇದ್ದವು.

ಜೂನ್ ಮೊದಲ ವಾರ ಒಂದು ಬೆಳಿಗ್ಗೆ ಮಗಳು ಕುರ್ಚಿಯಲ್ಲಿದ್ದಳು, ಪಾದ ಬೋಗುಣಿಯ ಮೇಲೆ. ನಾನು ಉಪ್ಪಿಟ್ಟು ಹಿಡಿದು ಎದುರಿಗಿದ್ದೆ. ಅವ್ವ ಆ ದಿನಗಳಲ್ಲಿ ಮತ್ತೆ ನಮ್ಮ ಜೊತೆ ಊಟಕ್ಕೆ ಕೂರುತ್ತಿದ್ದಳು. ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಬುಟ್ಟಿಯಿಂದ ಒಂದು ಕಡಕ್ ರೊಟ್ಟಿ ತೆಗೆದು ಮುರಿದಳು. ಮಗಳು ಕೈ ಚಾಚಿದಳು. ಗಟ್ಟಿ ಅದು, ಬೇಡ ಎಂದು ನಾನು ಅನ್ನುವಷ್ಟರಲ್ಲಿ ಉದ್ದನೆಯ ಒಂದು ತುಂಡು ಅವಳ ಕೈಯಲ್ಲಿತ್ತು. ಉದ್ದಕ್ಕೆ ಹಿಡಿದು, ತುದಿಯನ್ನು ಬಾಯಿಯ ಪಕ್ಕಕ್ಕೆ ಒಯ್ದು, ಹಲ್ಲಿನ ನಡುವೆ ಇಟ್ಟು ಒತ್ತಿದಳು.

ಕಟ್.

ಅವಳಿಗೇ ಗಾಬರಿ. ತನ್ನ ತಲೆಯೊಳಗೇ ಆ ಸದ್ದು ಆಯಿತಲ್ಲ. ಕಣ್ಣು ದೊಡ್ಡದು ಮಾಡಿ ಅಲ್ಲಾಡದೆ ಕೂತಳು. ನಾನು ಅವಳ ಬಾಯಿಯ ಹತ್ತಿರವೇ ಕೈ ಹಿಡಿದುಕೊಂಡಿದ್ದೆ. ಅವಳು ದವಡೆಯನ್ನು ಒಮ್ಮೆ ಆಡಿಸಿದಳು. ಕಟ್, ಕರ್. ಮತ್ತೊಮ್ಮೆ. ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. ಮಗಳು ನುಂಗಿ, ಬಾಯಿ ತೆರೆದು, ಖಾಲಿ ಬಾಯಿಯನ್ನು ಎಲ್ಲರಿಗೂ ತೋರಿಸಿ, ರೊಟ್ಟಿಯ ತುದಿಯನ್ನು ಮತ್ತೆ ಹಲ್ಲಿಗೆ ಇಟ್ಟಳು.

"ಹಾಂ! ಈಗ ನಮ್ಮ ಮನಿ ಕೂಸಾತು," ಎಂದಳು ಅವ್ವ. ಹೆಂಡತಿ ಸೌಟು ಅಲ್ಲೇ ಇಟ್ಟು ಫೋನು ತೆಗೆದುಕೊಂಡಳು. ಏನು ಅಳಿಸುತ್ತಿದ್ದಾಳೆಂದು ನನಗೆ ಗೊತ್ತಿತ್ತು. ನನಗೆ ಅಳು ಬಂತು, ಒರೆಸಿಕೊಳ್ಳಲು ಸಿಕ್ಕಿದ್ದು ಮಗಳ ಬಾಯಿ ಒರೆಸುವ ಬಟ್ಟೆ, ಮುಖಕ್ಕೆಲ್ಲ ಉಪ್ಪಿಟ್ಟು ಹತ್ತಿತು.

ಶಾಲೆ ಶುರುವಾದ ದಿನ ಅವರಿಬ್ಬರನ್ನೂ ಸ್ಕೂಟರಿನಲ್ಲಿ ನಾನೇ ಬಿಟ್ಟು ಬಂದೆ. ಕಾಲ ಹತ್ತಿರ ಹದಿನೆಂಟನೇ ನಂಬರಿನ ಬೋಗುಣಿ ಇತ್ತು. ಶಾಲೆಯ ಆಯಮ್ಮ ಅದನ್ನು ನೋಡಿ, ಅಡುಗೆಗೆ ಬಂದಿರಾ ಸಾರ್ ಎಂದಳು. ಬೋರಲು ಹಾಕಿ ತೋರಿಸಿದೆ. ಒಂದು ವಾರದಲ್ಲಿ ಇನ್ನಿಬ್ಬರು ತಾಯಂದಿರು ನನ್ನ ಅಂಗಡಿ ಹುಡುಕಿಕೊಂಡು ಬಂದರು. ಮಗಳ ಕಾಲು ಬೆಳೆದ ಹಾಗೆ ಬೋಗುಣಿ ಸಣ್ಣದಾಗುತ್ತ ಹೋಗಬೇಕು, ಈಗ ಹದಿನಾರಕ್ಕೆ ಬಂದಿದ್ದೇವೆ. ಡಬ್ಬಿ ದಿನವೂ ಖಾಲಿ ಬರುತ್ತದೆ. ಅಗಲ ಮೂತಿಯ ಒಳಲೆಯನ್ನು ಅವ್ವ ದೇವರ ಮನೆಗೆ ತೆಗೆದುಕೊಂಡಳು. ದೀಪಕ್ಕೆ ಎಣ್ಣೆ ಹಾಕಲು ಅದಕ್ಕಿಂತ ಒಳ್ಳೆಯದಿಲ್ಲವಂತೆ, ಒಂದು ಹನಿಯೂ ಹೊರಗೆ ಚೆಲ್ಲುವುದಿಲ್ಲವಂತೆ.

ಇಲ್ಲಿಯವರೆಗೆ ನಾನು ಹತ್ತು ನಿಮಿಷದಲ್ಲಿ ಊಟ ಮುಗಿಯಲೆಂದು ಮಲಗಿಸಿ ಉಣಿಸಿದೆ ಎಂದೇ ಎಲ್ಲರಿಗೂ ಹೇಳಿದ್ದೇನೆ. ಪೂರ್ತಿ ನಿಜವಲ್ಲ. ಮೊದಲ ವಾರ ಅವಸರಕ್ಕೇ ಮಾಡಿದ್ದು. ಆಮೇಲೆ ಬೇರೆ ಕಾರಣ ಸೇರಿಕೊಂಡಿತು. ಕೂತ ಮಗು ತಟ್ಟೆ ನೋಡುತ್ತದೆ, ಕಿಟಕಿ ನೋಡುತ್ತದೆ, ಎದ್ದು ಹೋಗುವ ದಾರಿ ನೋಡುತ್ತದೆ. ತೊಡೆಯ ಮೇಲೆ ಮಲಗಿದ ಮಗು ನಮ್ಮ ಮುಖ ಬಿಟ್ಟು ಬೇರೇನೂ ನೋಡುವುದಿಲ್ಲ. ಇಡೀ ದಿನ ಬೇಗಂ ಬಜಾರಿನ ಗದ್ದಲದಲ್ಲಿ ನಿಂತು ಬಂದವನಿಗೆ, ಆ ಹತ್ತು ನಿಮಿಷ ಎರಡು ಕಣ್ಣು ಕದಲದೆ ನನ್ನನ್ನೇ ನೋಡುತ್ತಿದ್ದವು. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಅಷ್ಟೇ ವಿಷಯ.

ಮೊನ್ನೆ ಸಂಜೆ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದೆ. ಮಗಳು ರೊಟ್ಟಿಯ ತುಂಡು ಹಿಡಿದುಕೊಂಡು ಬಂದಳು. ಮಲಗುತ್ತಾಳೇನೋ ಎಂದು ಒಂದು ಕ್ಷಣ ಆಸೆಪಟ್ಟೆ, ಸುಳ್ಳು ಹೇಳುವುದಿಲ್ಲ. ಅವಳು ನನ್ನ ಕಡೆ ಬೆನ್ನು ತಿರುಗಿಸಿ, ನನ್ನ ತೊಡೆಯನ್ನೇ ಕುರ್ಚಿ ಮಾಡಿಕೊಂಡು ನೆಟ್ಟಗೆ ಕೂತಳು, ಎರಡೂ ಪಾದ ನೆಲಕ್ಕೆ ಊರಿ. ಸ್ಟೇಷನ್ನಿನ ಕಡೆಯಿಂದ ರೈಲಿನ ಸದ್ದು ಬಂತು, ಕಿಟಕಿಯ ಕಡೆ ನೋಡುತ್ತ ಅಗಿಯತೊಡಗಿದಳು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಮೆಲ್ಲಗೆ ಬೆರಳಿಟ್ಟೆ. ಒಂದು ಪುಟ್ಟ ಗಂಟು ಉಬ್ಬುತ್ತಿತ್ತು, ಇಳಿಯುತ್ತಿತ್ತು.

"ಅಪ್ಪಾ, ಕೈ ತಗಿ," ಎಂದಳು ತಿರುಗಿ ನೋಡದೆ. "ಅಗಿಯಾಕತ್ತೀನಿ."

ತೆಗೆದೆ.